ಹೊಂದಿಕೊಂಡು ಹೋಗುವುದು ಅಂದರೆ ಎಷ್ಟು? ಮದುವೆಯಾಗಿ ವರ್ಷಗಳಾದವರು ಹೇಳಿ

ನವೆಂಬರ್‌ನಲ್ಲಿ ನನ್ನ ಮದುವೆ. ಇಬ್ಬರಿಗೂ ಬೆಂಗಳೂರಿನಲ್ಲೇ ಕೆಲಸ. ಯಾರನ್ನು ಕೇಳಿದರೂ "ಹೊಂದಿಕೊಂಡು ಹೋಗಮ್ಮ" ಅನ್ನುತ್ತಾರೆ. ಯಾವುದಕ್ಕೆ, ಎಷ್ಟು ಅಂತ ಯಾರೂ ಹೇಳುವುದಿಲ್ಲ. ಸಂಸಾರ ಚೆನ್ನಾಗಿ ಬಾಳಿಕೆ ಬರಲು ನಿಮ್ಮ ಮನೆಯಲ್ಲಿ ಏನು ಕೆಲಸಕ್ಕೆ ಬಂತು?

ಶಿವಮೊಗ್ಗದಿಂದ: ಮಗಳೇ, ನಮ್ಮದು ಮೂವತ್ತು ವರ್ಷ ದಾಟಿದ ಸಂಸಾರ. ಇಬ್ಬರೂ ಹೈಸ್ಕೂಲ್ ಟೀಚರ್. ಜಗಳ ಆಗಿದ್ದೆಲ್ಲ ದುಡ್ಡಿನ ಮೇಲೆ. ದುಡ್ಡು ಕಡಿಮೆ ಇತ್ತು ಅಂತಲ್ಲ, ಹೇಳದೆ ಕೊಟ್ಟರು ಅಂತ. ನಮ್ಮವರು ತಮ್ಮನ ಸೈಟಿಗೆ ಸೊಸೈಟಿ ಸಾಲ ತೆಗೆದುಕೊಟ್ಟಿದ್ದು ನನಗೆ ಗೊತ್ತಾಗಿದ್ದು ಸಂಬಳದ ಚೀಟಿ ನೋಡಿದಾಗ! ಆಮೇಲೆ ಎರಡೂ ಮನೆಗೆ ಹೋಗುವ ದುಡ್ಡನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆವು. ನಮ್ಮಮ್ಮನ ಕಣ್ಣಿನ ಆಪರೇಷನ್ನೂ ಅಲ್ಲೇ, ಅವರ ತಂಗಿಯ ಸೀಮಂತದ ಸೀರೆಯೂ ಅಲ್ಲೇ. ಅವರ ಕಡೆಗೆ ಜಾಸ್ತಿ ಹೋಯಿತು ಅನ್ನುವ ನನ್ನ ಗುಮಾನಿ ಅರ್ಧಕ್ಕರ್ಧ ಸುಳ್ಳು ಅಂತ ಆ ಪುಸ್ತಕವೇ ತೋರಿಸಿತು. ನಿಮಗಿರುವ ಸಾಲ, ಚೀಟಿ, ಅಪ್ಪ-ಅಮ್ಮನಿಗೆ ಕಳಿಸುವ ಹಣ ಎಲ್ಲವನ್ನೂ ಈಗಲೇ ಹೇಳಿಕೊಳ್ಳಿ. ಜಾತಕ ಕೂಡಿಸುವವರು ಇದನ್ನು ಕೂಡಿಸುವುದಿಲ್ಲ.

ಹುಬ್ಬಳ್ಳಿಯಿಂದ: ಟೀಚರ್ ಹೇಳಿದ್ದು ಖರೆ, ಆದರೆ ನಮ್ಮ ಮನೆಯಲ್ಲಿ ನೋಟ್‌ಬುಕ್ ನಡೆಯಲಿಲ್ಲ. ತರಕಾರಿ ಲೆಕ್ಕಕ್ಕೂ ವಿಚಾರಣೆ ಶುರುವಾಯಿತು. ಈಗ ಬಾಡಿಗೆ, ಸ್ಕೂಲ್ ಫೀಸಿಗೆ ಜಂಟಿ ಖಾತೆ, ಉಳಿದಿದ್ದು ಅವರವರದು. ನಾನು ಹೇಳುವುದು ಜಗಳ ಆಡುವ ರೀತಿಯ ಬಗ್ಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಂಡ-ಹೆಂಡಿರ ಮಾತುಕತೆಯನ್ನು ವಿಡಿಯೋ ಮಾಡಿ ವರ್ಷಗಟ್ಟಲೆ ಗಮನಿಸಿದವರು. ಸಂಸಾರ ಕೆಡಿಸುವ ನಾಲ್ಕು ಚಾಳಿಗಳನ್ನು ಅವರು ಗುರುತಿಸಿದ್ದಾರೆ: ಆದ ತಪ್ಪನ್ನು ಬಿಟ್ಟು ಮನುಷ್ಯರನ್ನೇ ಬೈಯುವುದು, ತಾತ್ಸಾರ, ನಂದೇನೂ ತಪ್ಪಿಲ್ಲ ಅನ್ನುವ ವಾದ, ಮಾತು ಬಿಡುವುದು. ಎಲ್ಲಕ್ಕಿಂತ ಕೆಟ್ಟದ್ದು ತಾತ್ಸಾರ ಅನ್ನುತ್ತಾರೆ. ನಮ್ಮಲ್ಲಿ ನಾಲ್ಕನೆಯದೇ ಜಾಸ್ತಿ. ನಾನು ಎದುರಿಗೇ ಕೂತಿದ್ದರೂ ನನ್ನ ಹೆಂಡತಿ ಮಗನ ಕೈಲಿ "ಅಪ್ಪಂಗ ಊಟಕ್ಕ ಬರಾಕ ಹೇಳು" ಅಂತ ಹೇಳಿಸುತ್ತಾಳೆ. ಅದಕ್ಕೇ ಈಗ ಒಂದು ಕರಾರು: ಸಿಟ್ಟು ಬಂದರೆ "ಈಗ ಬೇಡ, ಊಟ ಆದ ಮೇಲೆ" ಅಂತ ಬಾಯಿಬಿಟ್ಟು ಹೇಳಬೇಕು. ಸುಮ್ನೆ ಎದ್ದು ಹೋಗುವಂತಿಲ್ಲ.

ಮಂಗಳೂರಿನಿಂದ: ನನ್ನ ಗಂಡ ದುಬೈಯಲ್ಲಿದ್ದಾರೆ. ಫೋನಿನಲ್ಲಿ ಬರೀ ಫೀಸು, ಇಎಂಐ ಮಾತಾಡಿದರೆ ಗಂಡ ಮ್ಯಾನೇಜರ್ ಆಗಿಬಿಡುತ್ತಾರೆ. 2022ರಲ್ಲಿ ಅಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬಂತಲ್ಲ, ನಮಗೆ ದೊಡ್ಡ ಉಪಕಾರವಾಯಿತು. ಭಾನುವಾರದ ಕರೆಯಲ್ಲಿ ಖರ್ಚಿನ ಸುದ್ದಿ ಎತ್ತುವುದಿಲ್ಲ.

ಮೈಸೂರಿನಿಂದ, ವಕೀಲೆ: ಹೊಂದಾಣಿಕೆಗೂ ಒಂದು ಗೆರೆ ಬೇಕು. ಹೊಡೆತ ಮಾತ್ರವಲ್ಲ, ಹೀನಾಯವಾಗಿ ಬೈಯುವುದು, ಖರ್ಚಿಗೆ ಕೊಡದೆ ಸತಾಯಿಸುವುದೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯೊಳಗೆ ಬರುತ್ತವೆ. ಮಹಿಳಾ ಸಹಾಯವಾಣಿ 181. ಇನ್ನೊಂದು ಮಾತು: ಪೋಷಕರ, ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯ ಪ್ರಕಾರ ಅಪ್ಪ-ಅಮ್ಮನನ್ನು ನೋಡಿಕೊಳ್ಳುವುದು ಮಗನಷ್ಟೇ ಮಗಳ ಹೊಣೆಯೂ ಹೌದು. ತವರಿಗೆ ಕಳಿಸುವ ದುಡ್ಡಿಗೆ ಅಪ್ಪಣೆ ಕೇಳುವ ಪರಿಸ್ಥಿತಿ ಬರದಂತೆ ಮೊದಲೇ ಮಾತಾಡಿಕೊಳ್ಳಿ.

ಶಿವಮೊಗ್ಗದಿಂದ ಮತ್ತೆ: ಹುಬ್ಬಳ್ಳಿಯವರೇ, ತರಕಾರಿ ಲೆಕ್ಕ ಬರೆಯಿರಿ ಅಂತ ನಾನೆಲ್ಲಿ ಹೇಳಿದೆ? ಐದು ಸಾವಿರದ ಒಳಗಿನದನ್ನು ನಾವು ಬರೆಯುವುದೇ ಇಲ್ಲ.