ಅಪ್‌ಡೇಟ್: ತಮ್ಮನ ಕಣ್ಣಿನ ಆಂಜಿಯೋಗ್ರಾಮ್ ಆಯಿತು

ಕಣ್ಣಿನ ಹಿಂಭಾಗದ ಪರದೆ ರೆಟಿನಾವನ್ನು ಬೆಳಕಿನಿಂದ ನೋಡುವ ಓಸಿಟಿ ಸ್ಕ್ಯಾನ್ ನಾರ್ಮಲ್ ಇದ್ದರೂ ತಮ್ಮನಿಗೆ ಡೈ (ಬಣ್ಣದ ದ್ರವ) ಹಾಕಿ ಕಣ್ಣಿನ ರಕ್ತನಾಳಗಳ ಫೋಟೋ ತೆಗೆಯುವ ಆಂಜಿಯೋಗ್ರಾಮ್ ಮಾಡಿಸಬೇಕಾ ಎಂದು ಹೋದ ತಿಂಗಳು ಕೇಳಿದ್ದೆ. ಮಾಡಿಸಿದೆವು. ಒಳ್ಳೆಯದೇ ಆಯಿತು.

ಕೈಯ ರಕ್ತನಾಳಕ್ಕೆ ಫ್ಲೋರೆಸಿನ್ ಡೈ ಚುಚ್ಚಿ ಒಂದರ ಹಿಂದೆ ಒಂದು ಫೋಟೋ ತೆಗೆದರು. ರೆಟಿನಾದ ನಡುಭಾಗ ಚೆನ್ನಾಗಿತ್ತು. ಅಂಚಿನಲ್ಲಿ ಮಾತ್ರ ರಕ್ತನಾಳಗಳಿಂದ ಡೈ ಸೋರಿ, ಬೆಳ್ಳಗೆ ಮಂಜಿನ ಹಾಗೆ ಹರಡಿತ್ತು. ಉರಿಯೂತ ಇರುವ ನಾಳದ ಗೋಡೆ ಡೈಯನ್ನು ಒಳಗೆ ಹಿಡಿದಿಡುವುದಿಲ್ಲ. ಓಸಿಟಿ ಹೆಚ್ಚಾಗಿ ನೋಡುವುದು ನಡುಭಾಗವನ್ನೇ ಅಲ್ವಾ, ಅದಕ್ಕೇ ಅಂಚಿನ ಸೋರಿಕೆ ಅದರಲ್ಲಿ ಸಿಕ್ಕಿರಲಿಲ್ಲ.

ಈಲ್ಸ್ ಕಾಯಿಲೆ (ರೆಟಿನಾದ ಅಂಚಿನ ರಕ್ತನಾಳಗಳ ಉರಿಯೂತ) ಇರಬಹುದು ಎಂದು ಡಾಕ್ಟರ್ ಹೇಳಿದರು. ಅದಕ್ಕೆ ಟಿಬಿ ಜೊತೆ ನಂಟಿದೆಯಂತೆ. ಹಾಗಾಗಿ ಟಿಬಿ ಇದೆಯಾ ಎಂದು ನೋಡಲು ಮಾಂಟೂ ಟೆಸ್ಟ್ (ಚರ್ಮದ ಪರೀಕ್ಷೆ), ಎದೆಯ ಎಕ್ಸ್‌ರೇ ಆದ ಮೇಲೇ ಉರಿಯೂತ ಇಳಿಸುವ ಸ್ಟೀರಾಯ್ಡ್ ಶುರುವಾಯಿತು. ಡೈ ಚುಚ್ಚಿದ ಮರುದಿನ ಮೂತ್ರದ ಕಿತ್ತಳೆ ಬಣ್ಣ ನೋಡಿ ಅಮ್ಮ ತುಂಬಾ ಹೆದರಿದ್ದರು. ಅದು ಡೈ ಹೊರಹೋಗುವುದು ಅಷ್ಟೇ.

ಆರು ವಾರದ ನಂತರ ಮತ್ತೆ ಅದೇ ಫೋಟೋ ತೆಗೆದು, ಸೋರಿಕೆ ಕಡಿಮೆಯಾಗಿದೆಯಾ ಎಂದು ಹೋಲಿಸಿ ನೋಡುತ್ತಾರೆ.