3–5 ವರ್ಷದ ಮಕ್ಕಳ ಸಂಡೇ ಕ್ಲಬ್: ಒಂದು ತಾಸು ಹೆಂಗ ನಡೆಸೋದು?

ಸಿಂಧನೂರು ಟೀಚರ್:
ನಮ್ಮ ಚರ್ಚ್ ಸಭೆಯಲ್ಲಿ ಆರಾಧನೆ ಹೊತ್ತಿಗೆ ಸಣ್ಣ ಮಕ್ಕಳ ಕ್ಲಬ್ ಶುರು ಮಾಡ್ತಿದ್ದೀವಿ. 14 ಮಕ್ಕಳು, ಇಬ್ಬರು ಟೀಚರ್, ತಗಡಿನ ಶೆಡ್ಡು. ಮೊದಲ ಪಾಠ ಬೈಬಲ್‌ನ ಕಳೆದುಹೋದ ಕುರಿ ಕಥೆ: ನೂರರಲ್ಲಿ ಕಳೆದ ಒಂದು ಕುರಿಯನ್ನ ಕುರುಬ ಹುಡುಕಿ ತರೋದು. ಏನೇನು ತಯಾರಿ ಬೇಕು?

ಕೊಪ್ಪಳದ ಅಕ್ಕ:
ಇಬ್ಬರು ಸಾಲಂಗಿಲ್ಲರೀ, ಮೂವರು ಬೇಕು. ಒಬ್ಬರು ಮಗುನ್ನ ಬಚ್ಚಲಿಗೆ ಕರ್ಕೊಂಡು ಹೋದ್ರ ಉಳಿದ 13 ಮಂದಿ ಒಬ್ಬರ ಮೇಲೆ ಬೀಳ್ತಾರ. ಕಥೆ 5–7 ನಿಮಿಷ ದಾಟಬಾರದು. ಬೈಬಲ್‌ನ ಲೂಕ ಪುಸ್ತಕದ 15ನೇ ಅಧ್ಯಾಯದಾಗ ನೂರು ಕುರಿ ಅದಾವು ಖರೆ, ಈ ವಯಸ್ಸಿಗೆ ನೂರು ತಲೆಗೆ ಹತ್ತಂಗಿಲ್ಲ. ರಟ್ಟಿನ 10 ಕುರಿ ಮಾಡಿ, ಒಂದನ್ನ ಮೊದಲೇ ಬಾಗಿಲ ಹಿಂದೆ ಅಡಗಿಸಿಡ್ರಿ. ಎಲ್ಲರೂ ಕೂಡಿ ಎಣಿಸಲಿ, ಹುಡುಕಲಿ. ಹುಡುಕಾಕ ಎದ್ದ ಮಕ್ಕಳನ್ನ ಮತ್ತ ಕೂಡಿಸೋದೇ ಕಷ್ಟ. ಕುರಿ ಸಿಕ್ಕ ಕೂಡಲೇ ಚಪ್ಪಾಳೆ ಹಾಡು ಶುರು ಮಾಡ್ರಿ, ಹಾಡು ಮುಗಿಯೋ ಸಾಲಿಗೆ ಕೂಡೋದು.

ಮಾನ್ವಿ ಕೈಕೆಲಸ:
ಕುರಿ ಮೈಗೆ ಹತ್ತಿ ಅಂಟಿಸ್ರಿ, ನಮ್ಮ ಕಡೆ ಹತ್ತಿಗೇನು ಬರ? ಅಂಟಿಗೆ ಅರ್ಧ ಬಟ್ಟಲು ಮೈದಾ, ಎರಡು ಬಟ್ಟಲು ನೀರು. ತಣ್ಣೀರಾಗ ಕಲಸಿ ಆಮೇಲೆ ಸಣ್ಣ ಉರಿಗಿಡ್ರಿ. ಕುದಿಯೋ ನೀರಿಗೆ ಹಿಟ್ಟು ಸುರಿದ್ರ ಗಂಟು ಕಟ್ತದ. ಕೆಡದಿರಲಿ ಅಂತ ಮೈಲುತುತ್ತ ಮಾತ್ರ ಹಾಕಬ್ಯಾಡ್ರಿ, ವಿಷ ಅದು. ಮಕ್ಕಳ ಬೆರಳು ಬಾಯಿಗೇ ಹೋಗೋದು. ಒದ್ದೆ ಬಟ್ಟೆ ಪಕ್ಕದಾಗ ಇರಲಿ, ಇಲ್ಲಾಂದ್ರ ಹತ್ತಿ ರಟ್ಟಿಗಿಂತ ಬೆರಳಿಗೇ ಜಾಸ್ತಿ ಹತ್ತಿಕೊಳ್ತದ.

ಬಳ್ಳಾರಿ ಅಣ್ಣ:
ತಿನ್ನಾಕ ಶೇಂಗಾ, ಇಡೀ ದ್ರಾಕ್ಷಿ ಬ್ಯಾಡ, ಗಂಟಲಿಗೆ ಸಿಕ್ಕೊಳ್ತಾವ. ಬಾಳೆಹಣ್ಣು ಸಾಕು. ಏಪ್ರಿಲ್–ಮೇನಾಗ ತಗಡಿನ ಶೆಡ್ಡು ಕಾದ ಹಂಚು, ಬೇವಿನ ನೆರಳಿಗೆ ಚಾಪೆ ಹಾಸ್ರಿ. ಮಗುನ್ನ ಯಾರು ಕರ್ಕೊಂಡು ಹೋಗ್ತಾರಂತ ಮೊದಲೇ ಬರೆದಿಟ್ಟುಕೊಳ್ರಿ. ಎಂಟು ವರ್ಷದ ಅಕ್ಕನ ಕೈಯಾಗ ಕಳಿಸಬ್ಯಾಡ್ರಿ.