ಸಹಾಯ ಬೇಕು: ಡಿಟಿಪಿ ಅಂಗಡಿಗೆ ಲಿನಕ್ಸ್ ಸಾಕಾಗುತ್ತದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲೂಕು ಆಫೀಸಿನ ಎದುರಿಗೆ ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಎರಡೂ ಆರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, ವಿಂಡೋಸ್ 10. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್ ಎಂಟನೇ ತಲೆಮಾರು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಚೆನ್ನಾಗಿ ಓಡುತ್ತಿರುವ ಮಷಿನ್ ಸುಮ್ನೆ ಗುಜರಿಗೆ ಹಾಕಲು ಮನಸ್ಸಿಲ್ಲ.

ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದೆ. ನಾನು ಬಳಸುವ ಕಗಪ ಕೀಲಿಮಣೆ (ಕನ್ನಡ ಅಕ್ಷರಗಳ ಕೀಲಿ ಜೋಡಣೆ) ಅದರಲ್ಲೇ ಇದೆ, ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ. ವರ್ಡ್ ತರಹದ ಲಿಬ್ರೆಆಫೀಸಿನಲ್ಲಿ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಟೈಪಿಂಗ್ ಸರಾಗ. ತಲೆನೋವು ಹಳೇ ಫೈಲುಗಳದ್ದು. ಲಗ್ನಪತ್ರಿಕೆ, ಕ್ರಯಪತ್ರದ ನಮೂನೆ ಎಲ್ಲಾ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಆಸ್ಕಿ ಫಾಂಟಿನಲ್ಲಿವೆ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡ ರೂಪ ಕೊಡುವ ಹಳೇ ಬಗೆ), ಜಾಸ್ತಿ ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ. ಆ ಫಾಂಟ್ ಹಾಕದೆ ವರ್ಡ್ ಫೈಲು ತೆರೆದರೆ ಕನ್ನಡದ ಜಾಗದಲ್ಲಿ ತಲೆಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು! ಫಾಂಟ್ ಹಾಕಿದರೆ ಓದಬಹುದು, ಆದರೆ ತಿದ್ದಲು ನುಡಿ ತಂತ್ರಾಂಶವೇ ಬೇಕಲ್ವಾ?

ವೈನ್‌ನಲ್ಲಿ (ಲಿನಕ್ಸ್ ಮೇಲೆ ವಿಂಡೋಸ್ ತಂತ್ರಾಂಶ ಓಡಿಸುವ ಸಾಧನ) ನುಡಿ, ಪೇಜ್‌ಮೇಕರ್ 7 ಓಡಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಪುಟ ಜೋಡಿಸುವ ಉಚಿತ ತಂತ್ರಾಂಶ ಸ್ಕ್ರೈಬಸ್ ಪೇಜ್‌ಮೇಕರ್ ಫೈಲು ತೆರೆಯುತ್ತದಂತೆ, ಅಳತೆ, ಸಾಲುಗಳು ಹಾಗೇ ನಿಲ್ಲುತ್ತವಾ? ಇಲ್ಲವಾದರೆ ಒಂದಕ್ಕೆ ಮಿಂಟ್ ಹಾಕಿ ಇಂಟರ್ನೆಟ್ ಕೆಲಸಕ್ಕೆ ಇಟ್ಟು, ಇನ್ನೊಂದನ್ನು ನೆಟ್ ಇಲ್ಲದೆ ವಿಂಡೋಸ್ 10ರಲ್ಲೇ ಬಿಡೋಣ ಅಂತಿದ್ದೇನೆ.

ದಯವಿಟ್ಟು ‘ಕ್ರ್ಯಾಕ್ ಹಾಕಿಕೊಳ್ಳಿ ಸಾರ್’ ಅನ್ನಬೇಡಿ. ಜನರ ಆಧಾರ್, ಪಹಣಿ ಎಲ್ಲಾ ಇದೇ ಮಷಿನ್ನಿಗೆ ಬರುತ್ತವೆ. ಡಿಟಿಪಿ ಕೆಲಸ ಮಾಡುವವರು ಉತ್ತರಿಸಿದರೆ ದೊಡ್ಡ ಉಪಕಾರ.